ಘಟಪ್ರಭೆಯ ಸೀಮೆಯಲ್ಲಿ ಗಣಕದ ಪಾಠ

ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಹಾಗೂ ಈಚಿನವರೆಗೆ ಗೋಕಾಕ ತಾಲ್ಲೂಕಿನ ಭಾಗವಾಗಿದ್ದು 2018ರ ಹೊತ್ತಿಗೆ ಬೇರೆ ತಾಲ್ಲೂಕಾದ ಮೂಡಲಗಿ, ಈ ಮೂರೂ ಘಟಪ್ರಭಾ ನದಿಯ ನೀರನ್ನು ಹಂಚಿಕೊಂಡು ಕಬ್ಬು, ಗೋವಿನಜೋಳ ಬೆಳೆಯುವ ಸೀಮೆಗಳು. ಶಾಲಾ ಆಡಳಿತದಲ್ಲಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇಲ್ಲಿನ ಪ್ರೌಢಶಾಲೆಗಳಲ್ಲಿ, ಎಂದರೆ ಎಂಟರಿಂದ ಹತ್ತನೆಯ ತರಗತಿಯವರೆಗಿನ ಹೈಸ್ಕೂಲುಗಳಲ್ಲಿ, ಮಕ್ಕಳು ಕಂಪ್ಯೂಟರಿನ ಮೊದಲ ಪಾಠಗಳನ್ನು ಹೇಗೆ ಕಲಿಯುತ್ತ ಬಂದರೆಂಬ ಚರಿತ್ರೆಯನ್ನು ಯಂತ್ರವು ಶಾಲೆಯ ಹೊಸ್ತಿಲು ದಾಟಿದ ವರ್ಷದಿಂದ ಆರಂಭಿಸಿದರೆ ಕಥನ ಇಪ್ಪತ್ತೈದು ವರ್ಷಗಳಿಗೆ ಮುಗಿಯುತ್ತದೆ. ಯಂತ್ರದ ಹಿಂದಿರುವ ಆಲೋಚನೆಯಿಂದ ಆರಂಭಿಸಿದರೆ ಅದು ಎಂಟು ನೂರು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ.

ಪ್ರೌಢಶಾಲೆಯ ಮಟ್ಟದ ಗಣಕ ವಿಜ್ಞಾನದಲ್ಲಿ ಎರಡು ಬಗೆಯ ತಿಳಿವಳಿಕೆ ಕೂಡಿಕೊಂಡಿದೆ. ಒಂದು, ಯಂತ್ರದ ಬಳಕೆ: ಕೀಲಿಮಣೆ ಮತ್ತು ಮೌಸನ್ನು ಹಿಡಿಯುವುದು, ಕಡತವನ್ನು ತೆರೆದು ಉಳಿಸುವುದು, ಪತ್ರವನ್ನು ಬೆರಳಚ್ಚಿಸಿ ಮುದ್ರಿಸುವುದು. ಇನ್ನೊಂದು, ಲೆಕ್ಕಿಸುವ ಕ್ರಮ: ಕೆಲಸವೊಂದನ್ನು ಸಂದೇಹಕ್ಕೆ ಎಡೆಯಿಲ್ಲದ ಹೆಜ್ಜೆಗಳಾಗಿ ಬಿಡಿಸುವುದು, ಎರಡೇ ಚಿಹ್ನೆಗಳಿಂದ ಬೇಕಾದುದೆಲ್ಲವನ್ನೂ ಬರೆಯುವುದು, ಸಣ್ಣ ಲೆಕ್ಕದ ಉತ್ತರದಿಂದ ದೊಡ್ಡ ಲೆಕ್ಕದ ಉತ್ತರವನ್ನು ಕಟ್ಟುವುದು. ಮೊದಲನೆಯದು ಈ ಸೀಮೆಗೆ ತಡವಾಗಿ, ಹೊರಗಿನಿಂದ ಬಂದಿತು. ಎರಡನೆಯದು ಇಲ್ಲಿನ ಗಣಿತ ಮತ್ತು ಕನ್ನಡದ ಪಾಠಗಳೊಳಗೆ ಮೊದಲೇ ಇತ್ತು. ಒಂದೇ ಶಾಲೆಯ ಎರಡು ಕೊಠಡಿಗಳಲ್ಲಿದ್ದೂ ಇವೆರಡಕ್ಕೆ ಪರಸ್ಪರ ಪರಿಚಯವಾಗದೆ ಉಳಿದದ್ದು ಈ ಚರಿತ್ರೆಯ ಮುಖ್ಯ ಸಂಗತಿ, ಮತ್ತು ಅದರ ದೊಡ್ಡ ನಷ್ಟ.

ರಟ್ಟ ಅರಸರ ಕಾಲದಲ್ಲಿ ಈ ಭಾಗವು ಕೂಂಡಿ ಮೂರುಸಾವಿರ ಎಂಬ ನಾಡಿಗೆ ಸೇರಿತ್ತು. ಕನ್ನಡದಲ್ಲಿ ಗಣಿತ ಗ್ರಂಥಗಳನ್ನು ರಚಿಸಿದ ರಾಜಾದಿತ್ಯನು 12ನೆಯ ಶತಮಾನದವನು. ಅವನು ತನ್ನ ಊರೆಂದು ಹೇಳಿಕೊಳ್ಳುವ ಪೂವಿನಬಾಗೆಯನ್ನು ವಿದ್ವಾಂಸರು ಇಂದಿನ ರಾಯಬಾಗವೆಂದು ಗುರುತಿಸುತ್ತಾರೆ, ಮತ್ತು ರಾಯಬಾಗವು ಮೂಡಲಗಿ, ಹುಕ್ಕೇರಿಗಳಿಗೆ ನೆರೆಯ ತಾಲ್ಲೂಕು. 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಚಿತ್ರಹಸುಗೆ' ಮೊದಲಾದ ಅವನ ಕೃತಿಗಳು ಲೇವಾದೇವಿ, ಅಳತೆ, ಹಂಚಿಕೆಗಳ ಲೆಕ್ಕವನ್ನು ಬಾಯಿಪಾಠಕ್ಕೆ ಒದಗುವ ಸೂತ್ರಗಳಲ್ಲಿ ಹಿಡಿದಿಟ್ಟವು. ಸೂತ್ರವೆಂದರೆ ಯಾರು ಮಾಡಿದರೂ, ಯಾವ ಸಂಖ್ಯೆಗೆ ಮಾಡಿದರೂ ಅದೇ ಹೆಜ್ಜೆಗಳಿಂದ ಸರಿಯುತ್ತರ ಕೊಡುವ ನಿಯಮ. ಭಾರತೀಯ ಗಣಿತದಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದು, ಶಾಲೆಗಳಲ್ಲಿ ಇಂದಿಗೂ ಉಳಿದಿರುವ ತ್ರೈರಾಶಿಕವನ್ನು ನೋಡಿದರೆ ಇದು ತಿಳಿಯುತ್ತದೆ: ಗೊತ್ತಿರುವ ಮೊತ್ತಕ್ಕೆ ಪ್ರಮಾಣ, ಅದರ ಬೆಲೆಗೆ ಫಲ, ಬೇಕಾದ ಮೊತ್ತಕ್ಕೆ ಇಚ್ಛೆ ಎಂದು ಹೆಸರಿಟ್ಟು, ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. ಮೂರು ಆದಾನಗಳು, ಎರಡು ಹೆಜ್ಜೆಗಳು, ಒಂದು ಫಲ. ಗಣಕ ವಿಜ್ಞಾನವು ಇಂಥ ಹೆಜ್ಜೆಗಳ ಸರಣಿಯನ್ನು ಅಲ್ಗಾರಿದಮ್ ಎಂದು ಕರೆಯುತ್ತದೆ. 9ನೆಯ ಶತಮಾನದ ಬಾಗ್ದಾದಿನಲ್ಲಿ ಭಾರತೀಯ ಅಂಕಿಗಳ ಲೆಕ್ಕವನ್ನು ಕುರಿತು ಬರೆದ ಅಲ್ ಖ್ವಾರಿಜ್ಮಿಯ ಹೆಸರೇ ಯುರೋಪಿನ ಬಾಯಲ್ಲಿ ಸವೆದು ಆ ಪದವಾಯಿತು.

ಮುಂಬಯಿ ಪ್ರಾಂತದ ಆಡಳಿತದಲ್ಲಿ, 1956ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವವರೆಗೆ, ಇಲ್ಲಿನ ಕನ್ನಡ ಶಾಲೆಗಳಲ್ಲಿ ಲೆಕ್ಕದ ಮೊದಲ ಪುಸ್ತಕವೆಂದರೆ ಅಂಕಲಿಪಿ. ಅಕ್ಷರಮಾಲೆಯ ಜೊತೆಗೆ ಮಗ್ಗಿ, ಕೋಷ್ಟಕಗಳನ್ನು ಒಳಗೊಂಡ ಈ ತೆಳ್ಳನೆಯ ಪುಸ್ತಕವು ಕಾಲು, ಅರೆ, ಮುಕ್ಕಾಲುಗಳನ್ನು ನಾಲಗೆಯ ಮೇಲೆ ನಿಲ್ಲಿಸುತ್ತಿತ್ತು, ಮತ್ತು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೂ ಆ ಬಾಯಿಲೆಕ್ಕದ ಬಲವೇ ವಿದ್ಯಾರ್ಥಿಯನ್ನು ಕಾಯುತ್ತಿತ್ತು. ಹದಿನಾರು ಆಣೆಗೆ ಒಂದು ರೂಪಾಯಿ, ಹನ್ನೆರಡು ಪೈಗೆ ಒಂದು ಆಣೆ ಎಂಬ ಕೋಷ್ಟಕವನ್ನು 1957ರಲ್ಲಿ ದಶಮಾಂಶ ನಾಣ್ಯ ಬರುವವರೆಗೆ ಪ್ರತಿ ಮಗುವೂ ಕಲಿತಿತ್ತು. ಹತ್ತರ ಗುಂಪೇ ಎಣಿಕೆಯ ಏಕೈಕ ದಾರಿಯಲ್ಲ, ಹದಿನಾರರ ಗುಂಪಿನಲ್ಲಿಯೂ ಹನ್ನೆರಡರ ಗುಂಪಿನಲ್ಲಿಯೂ ಎಣಿಸಿ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಬಹುದು ಎಂಬ ಅರಿವು ಅದರಲ್ಲಿ ಅಡಗಿತ್ತು. ಇಂದಿನ ಗಣಕ ಪಾಠವು ಎರಡರ, ಹದಿನಾರರ ಆಧಾರದ ಸಂಖ್ಯಾಪದ್ಧತಿಗಳನ್ನು ಪರಿಚಯಿಸುವಾಗ ಕೇಳುವುದು ಇದೇ ಅರಿವನ್ನು.

ಇದಕ್ಕಿಂತ ಹತ್ತಿರದ ನಂಟು ಕನ್ನಡ ವ್ಯಾಕರಣದ ಅವಧಿಯಲ್ಲಿ ಸಿಗುತ್ತದೆ. ಪ್ರೌಢಶಾಲೆಯಲ್ಲಿ ಛಂದಸ್ಸನ್ನು ಕಲಿಯುವ ವಿದ್ಯಾರ್ಥಿಗೆ ಮೊದಲು ತಿಳಿಯುವುದು ಲಘು ಮತ್ತು ಗುರು: ಒಂದು ಮಾತ್ರೆಯ ಕಾಲದಲ್ಲಿ ಉಚ್ಚರಿಸುವ ಅಕ್ಷರ ಲಘು, ಎರಡು ಮಾತ್ರೆಯದು ಗುರು. ಮಾತು ಎಷ್ಟೇ ಬಗೆಯಾಗಿರಲಿ, ಪದ್ಯದ ನಡಿಗೆಯನ್ನು ಬರೆದಿಡಲು ಈ ಎರಡೇ ಗುರುತುಗಳು ಸಾಕಾಗುತ್ತವೆ. ಗಣಕದೊಳಗೂ ವಿದ್ಯುತ್ತಿನ ಎರಡು ಸ್ಥಿತಿಗಳಿಗೆ ಒಪ್ಪುವಂತೆ 0 ಮತ್ತು 1 ಎಂಬ ಎರಡೇ ಅಂಕಿಗಳಿದ್ದು, ಅಂಥ ಒಂದು ಅಂಕಿಯ ಜಾಗಕ್ಕೆ ಬಿಟ್ ಎಂದೂ, ಎಂಟು ಬಿಟ್‌ಗಳ ಗುಂಪಿಗೆ ಬೈಟ್ ಎಂದೂ ಹೆಸರು. ಈ ಬರವಣಿಗೆಯೇ ದ್ವಿಮಾನ ಪದ್ಧತಿ. ಛಂದಸ್ಸಿನಲ್ಲಿ ಮೂರು ಅಕ್ಷರಗಳ ಗುಂಪು ಒಂದು ಗಣವಾದಾಗ, ಪ್ರತಿ ಜಾಗದಲ್ಲಿ ಎರಡು ಸಾಧ್ಯತೆಗಳಿರುವುದರಿಂದ ಎರಡನ್ನು ಮೂರು ಬಾರಿ ಗುಣಿಸಿ ಎಂಟು ಗಣಗಳಾಗುತ್ತವೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮೂರು ಬಿಟ್‌ಗಳಿಂದ ಎಂಟು ಸಂಖ್ಯೆಗಳನ್ನು ಬರೆಯಬಹುದೆಂದು ಗಣಕದ ಪಾಠ ಹೇಳುವುದೂ, ಎಂಟು ಬಿಟ್‌ಗಳ ಬೈಟಿನಲ್ಲಿ 256 ಬೇರೆ ಬೇರೆ ವಿನ್ಯಾಸಗಳು ಹಿಡಿಯುತ್ತವೆಂದು ವಿವರಿಸುವುದೂ ಇದೇ ಲೆಕ್ಕದಿಂದ.

ಎಂಟು ಗಣಗಳನ್ನು ನೆನಪಿಡಲು ಕನ್ನಡ ಮೇಷ್ಟ್ರುಗಳು ತಲೆಮಾರುಗಳಿಂದ ಹೇಳಿಕೊಡುವ 'ಯಮಾತಾರಾಜಭಾನಸಲಗಂ' ಎಂಬ ಸಂಕೇತಪದದ ರಚನೆ ಇನ್ನೂ ಸೂಕ್ಷ್ಮವಾದುದು. ಗುರುವಿಗೆ 1, ಲಘುವಿಗೆ 0 ಎಂದಿಟ್ಟುಕೊಂಡು ಅದನ್ನು ಬರೆದರೆ 0111010001 ಎಂಬ ಹತ್ತು ಅಂಕಿಗಳ ಸಾಲು ಬರುತ್ತದೆ. ಮೊದಲಿನಿಂದ ಒಂದೊಂದೇ ಅಕ್ಷರ ಸರಿಯುತ್ತ ಮೂರು ಮೂರನ್ನು ಓದಿದರೆ ಯಗಣ 011, ಮಗಣ 111, ತಗಣ 110, ರಗಣ 101, ಜಗಣ 010, ಭಗಣ 100, ನಗಣ 000, ಸಗಣ 001 ಹೀಗೆ ಎಂಟೂ ಗಣಗಳು ಒಂದೊಂದೇ ಬಾರಿ ದೊರೆತು ಸಾಲು ಮುಗಿಯುತ್ತದೆ. ಇಪ್ಪತ್ತನಾಲ್ಕು ಅಕ್ಷರಗಳಲ್ಲಿ ಬರೆಯಬೇಕಾದುದನ್ನು ಹತ್ತರಲ್ಲಿ ಅಡಕಮಾಡಿದ ಈ ಬಗೆಯ ಸಾಲುಗಳನ್ನು ಇಂದಿನ ಗಣಕ ವಿಜ್ಞಾನ ಪ್ರತ್ಯೇಕ ವಿಷಯವಾಗಿ ಅಭ್ಯಸಿಸುತ್ತದೆ. ಶಾಲೆಯಲ್ಲಿ ಪ್ರಸ್ತಾರ ಹಾಕುವುದೆಂದರೆ ಪದ್ಯದ ಸಾಲಿಗೆ ಲಘು ಗುರುಗಳನ್ನು ಗುರುತಿಸುವುದು. ಶಾಸ್ತ್ರದಲ್ಲಿ ಆ ಪದಕ್ಕೆ ಇನ್ನೂ ವಿಸ್ತಾರವಾದ ಅರ್ಥವಿದ್ದು, ಇಷ್ಟು ಅಕ್ಷರಗಳಿಗೆ ಸಾಧ್ಯವಾದ ಎಲ್ಲ ವಿನ್ಯಾಸಗಳನ್ನೂ ಒಂದೂ ಬಿಡದಂತೆ ಕ್ರಮವಾಗಿ ಹರಡುವ ವಿಧಾನವನ್ನು ಅದು ಸೂಚಿಸುತ್ತದೆ. ಪಿಂಗಳನ ಛಂದಶ್ಶಾಸ್ತ್ರದಿಂದ ಬಂದ ಈ ವಿಚಾರವು 10ನೆಯ ಶತಮಾನದ ನಾಗವರ್ಮನ 'ಛಂದೋಂಬುಧಿ'ಯ ಮೂಲಕ ಕನ್ನಡಕ್ಕೆ ಇಳಿಯಿತು. ದೇಸಿ ಮಟ್ಟುಗಳ ಕಿವಿಯಿದ್ದ ಕವಿ ಆನಂದಕಂದ ಬೆಟಗೇರಿ ಕೃಷ್ಣಶರ್ಮರು ಹುಟ್ಟಿದ ಗೋಕಾಕ ತಾಲ್ಲೂಕಿನಲ್ಲಿ, ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟಕ್ಕೆ ಹೆಸರಾದ ಕುಲಗೋಡಿನ ಆಸುಪಾಸಿನಲ್ಲಿ ಈ ಪಾಠಕ್ಕೆ ಕೇಳುಗರ ಕೊರತೆ ಎಂದೂ ಇರಲಿಲ್ಲ.

ಯಂತ್ರದ ಕಥೆಗೆ ಮೊದಲು ವಿದ್ಯುತ್ತು ಬೇಕಾಯಿತು. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯ ಬಲವನ್ನು ನಂಬಿ 1885ರಲ್ಲಿ ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿ ಸ್ಥಾಪನೆಯಾಯಿತು. 1887ರಲ್ಲಿಯೇ ಅಲ್ಲಿ ವಿದ್ಯುತ್ ಉತ್ಪಾದನೆ ಆಯಿತೆಂದು ಸ್ಥಳೀಯ ಚರಿತ್ರೆ ಅಭಿಮಾನದಿಂದ ಹೇಳುತ್ತದೆ. ಆದರೆ ಗಿರಣಿಯ ದೀಪ ಹಳ್ಳಿಯ ದೀಪವಾಗಲು ಬಹುಕಾಲ ಹಿಡಿಯಿತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮವು ದೇಶದಲ್ಲಿ ಪ್ರಾಯೋಗಿಕವಾಗಿ ಐದು ವಿದ್ಯುತ್ ಸಹಕಾರಿ ಸಂಘಗಳಿಗೆ ನೆರವು ನೀಡಿದಾಗ ಆಗ ಆಂಧ್ರದಲ್ಲಿದ್ದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ ಪ್ರವರಾ, ಗುಜರಾತಿನ ಕೊಡಿನಾರ, ಉತ್ತರ ಪ್ರದೇಶದ ಲಖನೌಗಳ ಜೊತೆಗೆ ಕರ್ನಾಟಕದಿಂದ ಆಯ್ಕೆಯಾದದ್ದು ಹುಕ್ಕೇರಿ. ಬಳಕೆದಾರರೇ ಸದಸ್ಯರಾಗಿ ತಮ್ಮ ತಂತಿ, ಕಂಬ, ಬಿಲ್ಲುಗಳನ್ನು ತಾವೇ ನೋಡಿಕೊಳ್ಳುವ ಈ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಚರಿತ್ರೆಯನ್ನು ಶಿಕ್ಷಣದ ಚರಿತ್ರೆಕಾರರು ಬಿಟ್ಟುಬಿಡುವುದು ಸರಿಯಲ್ಲ, ಏಕೆಂದರೆ ಮುಂದೆ ಶಾಲೆಯ ಕೊಠಡಿಯಲ್ಲಿ ಕಂಪ್ಯೂಟರ್ ಉರಿಯುವುದೂ ಆರುವುದೂ ಇದೇ ತಂತಿಯನ್ನು ಅವಲಂಬಿಸಿತ್ತು.

ದೇಶದ ಮಟ್ಟದಲ್ಲಿ ಶಾಲಾ ಗಣಕ ಶಿಕ್ಷಣವು 1984ರಲ್ಲಿ ಕ್ಲಾಸ್ ಎಂಬ ಯೋಜನೆಯಿಂದ ಆರಂಭವಾಯಿತು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಶಿಕ್ಷಣ ಸಚಿವಾಲಯಗಳು ಸೇರಿ ಮೊದಲಿಗೆ 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಗಣಕಗಳನ್ನು ಕೊಟ್ಟವು. ಅದರ ಸ್ಮರಣಕೋಶದ ಅಳತೆ 32 ಕಿಲೋಬೈಟ್, ಎಂದರೆ ಇಂದಿನ ಮೊಬೈಲಿನ ಒಂದು ಚಿತ್ರಕ್ಕೂ ಸಾಲದಷ್ಟು; ಆದರೆ ಗುಂಡಿ ಒತ್ತಿದೊಡನೆ ಅದು ಬೇಸಿಕ್ ಎಂಬ ಭಾಷೆಯಲ್ಲಿ ಆಜ್ಞೆಯನ್ನು ನಿರೀಕ್ಷಿಸುತ್ತ ನಿಲ್ಲುತ್ತಿತ್ತು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ ಎಂಬ ಗಣಿತಜ್ಞರು ವಿಜ್ಞಾನೇತರ ವಿದ್ಯಾರ್ಥಿಗಳಿಗಾಗಿಯೇ ರೂಪಿಸಿದ ಆ ಭಾಷೆಯಲ್ಲಿ ಕ್ರಮವಿಧಿ, ಎಂದರೆ ಯಂತ್ರಕ್ಕೆ ಕೊಡುವ ಹೆಜ್ಜೆಗಳ ಪಟ್ಟಿ, ಬರೆಯುವುದು ಆ ಯಂತ್ರದಿಂದ ಕೆಲಸ ಮಾಡಿಸುವ ಮುಖ್ಯ ದಾರಿಯಾಗಿತ್ತು. ಅಲ್ಪಶಕ್ತಿಯ ಆ ಯಂತ್ರ ಹೀಗೆ ಮಗುವನ್ನು ಆಲೋಚನೆಯ ಕಡೆಗೆ ಒತ್ತಾಯದಿಂದ ತಿರುಗಿಸುತ್ತಿತ್ತು. ಯಂತ್ರಗಳು ಬಲವಾದಂತೆ, ಚಿತ್ರಗಳ ಮೇಲೆ ಒತ್ತಿ ಕೆಲಸ ಪಡೆಯುವ ಅನುಕೂಲ ಬಂದಂತೆ, ಶಾಲೆಯ ಪಾಠವು ಆಲೋಚನೆಯಿಂದ ಬಳಕೆಯ ಕಡೆಗೆ ಜಾರಿತು. ಗಣಕಗಳು ಘಟಪ್ರಭೆಯ ಸೀಮೆಯ ಶಾಲೆಗಳಿಗೆ ಬರುವ ಹೊತ್ತಿಗೆ ಆ ಜಾರುವಿಕೆ ಮುಗಿದಿತ್ತು.

ಇಲ್ಲಿನ ಪೇಟೆಗಳಲ್ಲಿ ಕೀಲಿಮಣೆಯ ವಿದ್ಯೆಗೆ ಮೊದಲ ನೆಲೆ ಒದಗಿಸಿದವು ಟೈಪಿಂಗ್ ಕ್ಲಾಸುಗಳು. ಜೂನಿಯರ್, ಸೀನಿಯರ್ ಪರೀಕ್ಷೆಗೆ ಹುಡುಗ ಹುಡುಗಿಯರು ಬೆರಳಚ್ಚು ಕಲಿಯುತ್ತಿದ್ದ ಅಂಥ ಕ್ಲಾಸುಗಳ ಮಗ್ಗುಲಿಗೇ ಕಂಪ್ಯೂಟರ್ ತರಬೇತಿ ಕೇಂದ್ರಗಳು ತಲೆಯೆತ್ತಿದವು; ಸಂಕೇಶ್ವರದ ಹಿರಣ್ಯಕೇಶಿಯಂಥ ಸಹಕಾರಿ ಸಕ್ಕರೆ ಕಾರ್ಖಾನೆಗಳು, ಪತ್ತಿನ ಸಂಘಗಳು, ಬ್ಯಾಂಕುಗಳು ಲೆಕ್ಕ ಬಲ್ಲ ಆಪರೇಟರರಿಗೆ ಕೆಲಸ ಕೊಡಬಲ್ಲವಾಗಿದ್ದವು. 1996ರಲ್ಲಿ ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯವೂ, 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಆರಂಭವಾದ ಮೇಲೆ ಇಂಜಿನಿಯರಿಂಗ್ ಎಂಬುದು ದೂರದ ಮಾತಾಗಿ ಉಳಿಯಲಿಲ್ಲ. ರೈತಾಪಿ ಮನೆಗಳು ಗಣಕವನ್ನು ಹತ್ತಿರದಿಂದ ಕಂಡದ್ದು ಮಾತ್ರ ತಹಶೀಲದಾರರ ಕಚೇರಿಯಲ್ಲಿ. 2001ರ ಸುಮಾರಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಜಾರಿಯಾದ ಭೂಮಿ ಯೋಜನೆಯಿಂದ, ಅದುವರೆಗೆ ತಲಾಟಿಯ ಕೈಬರಹದಲ್ಲಿದ್ದ ಉತಾರ, ಎಂದರೆ ಜಮೀನಿನ ಒಡೆತನ ಮತ್ತು ಬೆಳೆಯ ಪಹಣಿ ಪತ್ರ, ಮುದ್ರಣಯಂತ್ರದಿಂದ ಹೊರಬರತೊಡಗಿತು. ಬರೆದವನ ಮರ್ಜಿಗೆ ಸಿಗದ ದಾಖಲೆಯೊಂದು ಇರಬಲ್ಲದೆಂಬ ಪಾಠವನ್ನು ಈ ಸೀಮೆಯ ಹಿರಿಯರು ಅಲ್ಲಿ ಕಲಿತರು.

ಅದೇ 2001ರಲ್ಲಿ ರಾಜ್ಯ ಸರ್ಕಾರವು ಮಾಹಿತಿ ಸಿಂಧು ಯೋಜನೆಯಡಿ ಸುಮಾರು 1000 ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಕ ಶಿಕ್ಷಣವನ್ನು ಆರಂಭಿಸಿತು. 2004ರಲ್ಲಿ ಕೇಂದ್ರವು ಹಳೆಯ ಕ್ಲಾಸ್ ಯೋಜನೆಯನ್ನು ಐಸಿಟಿ, ಎಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಹೊಸ ಯೋಜನೆಯಲ್ಲಿ ಸೇರಿಸಿದ ನಂತರ ಇನ್ನೂ ಸಾವಿರಾರು ಶಾಲೆಗಳಿಗೆ ಕಂಪ್ಯೂಟರ್ ಲ್ಯಾಬ್ ಬಂದಿತು. ಈ ಹಂತಗಳಲ್ಲಿ ಸರ್ಕಾರ ಅನುಸರಿಸಿದ ಕ್ರಮದಂತೆ ಖಾಸಗಿ ಸಂಸ್ಥೆಯೇ ಲ್ಯಾಬನ್ನು ಕಟ್ಟಿ, ತನ್ನ ಬೋಧಕನನ್ನು ಇಟ್ಟು, ಗೊತ್ತಾದ ವರ್ಷಗಳವರೆಗೆ ನಡೆಸಿ, ಬಳಿಕ ಶಾಲೆಗೆ ಒಪ್ಪಿಸಬೇಕಾಗಿತ್ತು. ಒಪ್ಪಂದ ಮುಗಿದ ದಿನ ಬೋಧಕನು ಹೊರಟುಹೋಗುತ್ತಿದ್ದ; ಗಣಿತ, ವಿಜ್ಞಾನದ ಶಿಕ್ಷಕರಿಗೆ ಆ ಕೊಠಡಿಯೊಂದಿಗೆ ಅದುವರೆಗೆ ಸಂಬಂಧವೇ ಬೆಳೆದಿರುತ್ತಿರಲಿಲ್ಲ. ಕರೆಂಟು ಹೋದಾಗ ಆಸರೆಯಾಗಬೇಕಿದ್ದ ಬ್ಯಾಟರಿಗಳು ಸತ್ತ ಮೇಲೆ ಲ್ಯಾಬಿಗೆ ಬೀಗ ಬೀಳುವುದು ರಾಜ್ಯದ ಅನೇಕ ಶಾಲೆಗಳ ಅನುಭವವಾಯಿತು.

ಬೋಧಿಸಿದ್ದಾದರೂ ಏನು ಎಂಬ ಪ್ರಶ್ನೆಗೆ ಉತ್ತರ ಸರಳ: ಗಣಕದ ಭಾಗಗಳು, ಯಂತ್ರಾಂಶ ಮತ್ತು ತಂತ್ರಾಂಶಗಳ ಭೇದ, ಕಡತಕೋಶ, ಪತ್ರಲೇಖನ, ಲೆಕ್ಕದ ಹಾಳೆ, ಅಂತರಜಾಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ 625 ಅಂಕಗಳಲ್ಲಿ, ಪ್ರಥಮ ಭಾಷೆಗೆ 125 ಮತ್ತು ಉಳಿದ ಐದು ವಿಷಯಗಳಿಗೆ ತಲಾ 100 ಹಂಚಿಹೋದ ಮೇಲೆ, ಗಣಕಕ್ಕೆ ಒಂದು ಅಂಕವೂ ಉಳಿಯಲಿಲ್ಲ. ಅಂಕವಿಲ್ಲದ ತಾಸು ಶಾಲೆಯಲ್ಲಿ ಅನಾಥ. ಪರೀಕ್ಷೆ ಹತ್ತಿರ ಬಂದಾಗ ಗಣಿತವೋ ಇಂಗ್ಲಿಷೋ ಅದನ್ನು ತನ್ನದಾಗಿಸಿಕೊಳ್ಳುತ್ತದೆ. ವೃತ್ತಿಶಿಕ್ಷಣದ ಚೌಕಟ್ಟಿನಡಿ ಕೆಲವು ಆಯ್ದ ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನವನ್ನು ಮುಂದೆ ಪರೀಕ್ಷೆಯ ವಿಷಯವಾಗಿ ಇರಿಸಿದ್ದು ಈ ನಿಯಮಕ್ಕೆ ಅಪವಾದ.

ಭಾಷೆಯ ತೊಡಕು ಇದರ ಜೊತೆಗೆ ಹೆಣೆದುಕೊಂಡಿತ್ತು. ಗೋಕಾಕ ಎಂಬ ಊರಿನ ಹೆಸರನ್ನು ಕರ್ನಾಟಕವೆಲ್ಲ ಬಲ್ಲದ್ದು, ಅದನ್ನೇ ಮನೆತನದ ಹೆಸರಾಗಿ ಹೊತ್ತ ವಿನಾಯಕ ಕೃಷ್ಣ ಗೋಕಾಕರ ಸಮಿತಿ 1981ರಲ್ಲಿ ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟದ್ದರಿಂದ. ಆ ವರದಿಯ ನಾಡಿನ ಶಾಲೆಗೆ ಬಂದ ಗಣಕದ ತೆರೆ ಇಂಗ್ಲಿಷಿನಲ್ಲಿತ್ತು. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ಉಚ್ಚಾರಣೆಯ ಆಧಾರದ ಮೇಲೆ ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವು ಕನ್ನಡವನ್ನು ಆ ತೆರೆಯ ಮೇಲೆ ತಂದವು. ಆದರೆ ಅಕ್ಷರದ ತುಂಡುಗಳಿಗೆ ಆಯಾ ಫಾಂಟು ತನ್ನದೇ ಸಂಕೇತ ಕೊಡುತ್ತಿದ್ದ ಕಾಲದಲ್ಲಿ ಒಂದು ಯಂತ್ರದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗುತ್ತಿತ್ತು. ಈ ಗೊಂದಲಕ್ಕೆ ಪರಿಹಾರವಾದ ಯೂನಿಕೋಡ್ ಜಗತ್ತಿನ ಪ್ರತಿ ಲಿಪಿಯ ಪ್ರತಿ ವರ್ಣಕ್ಕೂ ಬೇರೆ ಸಂಖ್ಯೆ ಕೊಡುತ್ತದೆ, ಮತ್ತು ಅದರಲ್ಲಿ ಕಕಾರದ ಸಂಖ್ಯೆ 3221. ಓದುಗನ ಕಣ್ಣಿಗೆ ಹುಕ್ಕೇರಿ ಎಂಬುದು ಮೂರು ಅಕ್ಷರ. ಗಣಕಕ್ಕೆ ಅದು ಹಕಾರ, ಉಕಾರದ ಚಿಹ್ನೆ, ಕಕಾರ, ಸ್ವರವಿಲ್ಲವೆಂದು ತೋರಿಸುವ ಹಲಂತ, ಮತ್ತೆ ಕಕಾರ, ಏತ್ವ, ರಕಾರ, ಗುಡಿಸು ಎಂಬ ಎಂಟು ಸಂಖ್ಯೆಗಳ ಸಾಲು. ಅದೇ ಕ್ರಮದಲ್ಲಿ ಗೋಕಾಕಕ್ಕೆ ಐದು, ಮೂಡಲಗಿಗೆ ಆರು. ಕಾಗುಣಿತವನ್ನು ಬಿಡಿಸಿ ಬರೆಯುವ ಪ್ರಾಥಮಿಕ ಶಾಲೆಯ ಅಭ್ಯಾಸಕ್ಕೂ ಯೂನಿಕೋಡಿನ ಈ ಏರ್ಪಾಟಿಗೂ ಇರುವ ನಂಟು ಎಷ್ಟು ನೇರವೆಂದರೆ, ಅದನ್ನು ತೋರಿಸದೆ ಕನ್ನಡ ಬೆರಳಚ್ಚನ್ನು ಕಲಿಸುವುದು ಕೈಗೆ ಸಿಕ್ಕ ಹಣ್ಣನ್ನು ಬಿಟ್ಟಂತೆ.

2016–17ರಿಂದ ನಡೆದ ತಂತ್ರಜ್ಞಾನ ಬೆಂಬಲಿತ ಕಲಿಕೆಯ ಕಾರ್ಯಕ್ರಮವು, ಟಾಲ್ಪ್ ಎಂಬ ಹೆಸರಿನಲ್ಲಿ, ಹೊರಗಿನ ಬೋಧಕನ ಬದಲು ವಿಷಯ ಶಿಕ್ಷಕರಿಗೇ ತರಬೇತಿ ಕೊಟ್ಟು, ಮುಕ್ತ ತಂತ್ರಾಂಶಗಳಿಂದ ಗಣಿತ, ವಿಜ್ಞಾನ, ಭಾಷೆಗಳ ಪಾಠವನ್ನು ತಾವೇ ಸಿದ್ಧಪಡಿಸಿಕೊಳ್ಳಲು ಹಚ್ಚಿತು. ಹಿಂದಿನ ತಪ್ಪಿನ ಮೂಲವನ್ನು ಮುಟ್ಟಿದ ಕ್ರಮವಿದು. ಆದರೆ 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ನೆರೆ, ಮರುವರ್ಷ ಕೋವಿಡ್, ಹೀಗೆ ಎರಡು ಆಪತ್ತುಗಳು ಮೇಲಿಂದ ಮೇಲೆ ಬಂದು, ಚಂದನ ವಾಹಿನಿಯ ಸಂವೇದ ಪಾಠಗಳೂ ಮನೆಯ ಮೊಬೈಲೂ ಕೆಲಕಾಲ ಶಾಲೆಯೇ ಆದವು.

ಪದವಿಪೂರ್ವ ತರಗತಿಯಲ್ಲಿ ಗಣಕ ವಿಜ್ಞಾನವನ್ನು ಆರಿಸಿಕೊಂಡ ವಿದ್ಯಾರ್ಥಿ ಬರೆಯುವ ಮೊದಮೊದಲ ಕ್ರಮವಿಧಿಗಳಲ್ಲಿ ಫಿಬೊನಾಚಿ ಶ್ರೇಣಿಯದೂ ಒಂದು: 1, 2, 3, 5, 8 ಹೀಗೆ ಪ್ರತಿ ಸಂಖ್ಯೆಯೂ ತನ್ನ ಹಿಂದಿನ ಎರಡರ ಮೊತ್ತ. 1202ರಲ್ಲಿ ಇಟಲಿಯ ಫಿಬೊನಾಚಿ ಮೊಲಗಳ ಸಂತತಿಯ ಲೆಕ್ಕದಲ್ಲಿ ಇದನ್ನು ಹೇಳುವ ಮುಂಚೆ ವಿರಹಾಂಕ, ಹೇಮಚಂದ್ರರಂಥ ಛಂದಸ್ಸಿನ ಪಂಡಿತರು ಅಕ್ಷರಗಳ ಬದಲು ಮಾತ್ರೆಗಳ ಮೊತ್ತದಿಂದ ಕಟ್ಟುವ ಮಾತ್ರಾಗಣಗಳನ್ನು ಎಣಿಸುತ್ತ ಇದನ್ನು ಕಂಡಿದ್ದರು. ಮೂರು ಮಾತ್ರೆಯ ಗಣಕ್ಕೆ ಮೂರು ವಿನ್ಯಾಸಗಳು, ನಾಲ್ಕು ಮಾತ್ರೆಗೆ ಐದು, ಐದು ಮಾತ್ರೆಗೆ ಎಂಟು. ಕಾರಣ ಸುಲಭ: ಐದು ಮಾತ್ರೆಯ ಗಣ ಲಘುವಿನಿಂದ ಕೊನೆಯಾದರೆ ಅದರ ಹಿಂದಿರುವುದು ನಾಲ್ಕು ಮಾತ್ರೆಯ ಐದು ವಿನ್ಯಾಸಗಳಲ್ಲಿ ಒಂದು, ಗುರುವಿನಿಂದ ಕೊನೆಯಾದರೆ ಮೂರು ಮಾತ್ರೆಯ ಮೂರರಲ್ಲಿ ಒಂದು, ಐದೂ ಮೂರೂ ಎಂಟು. ಸಣ್ಣ ಲೆಕ್ಕದ ಉತ್ತರದ ಮೇಲೆ ದೊಡ್ಡದನ್ನು ಕಟ್ಟುವ ಈ ಕ್ರಮವನ್ನು ಗಣಕ ವಿಜ್ಞಾನ ಪುನರಾವರ್ತನದ ತತ್ತ್ವವೆಂದು ಕಲಿಸುತ್ತದೆ. ಈ ಮೂರು ತಾಲ್ಲೂಕುಗಳ ಹೆಸರುಗಳೂ ಐದೈದು ಮಾತ್ರೆಯವು. ಗೋಕಾಕ ಮತ್ತು ಹುಕ್ಕೇರಿ ಎರಡಕ್ಕೂ ಗುರು, ಗುರು, ಲಘು ಎಂಬ ಒಂದೇ ವಿನ್ಯಾಸ. ಮೂಡಲಗಿಗೆ ಗುರು, ಲಘು, ಲಘು, ಲಘು. ಎಂಟರಲ್ಲಿ ಉಳಿದ ಆರನ್ನು, ಕರೆಂಟು ಹೋಗಿ ಲ್ಯಾಬಿಗೆ ಬೀಗ ಬಿದ್ದ ದಿನವೂ, ಒಂಬತ್ತನೆಯ ತರಗತಿಯ ಹುಡುಗಿ ತನ್ನ ವ್ಯಾಕರಣದ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದು ಮುಗಿಸಬಲ್ಲಳು.